ತರ್ಕ ಗಟ್ಟಿ, ಭಾವನೆ ಸೊನ್ನೆ: ಬೆಳೆಸಿಕೊಂಡವರು ಯಾರಾದರೂ ಇದ್ದೀರಾ?

ಕೇಳಿದವರು, ಕಲಬುರಗಿ:
ಸ್ವಭಾವದ ಟೈಪನ್ನು ನಾಲ್ಕು ಅಕ್ಷರದಲ್ಲಿ ಹೇಳುವ ಪರ್ಸನಾಲಿಟಿ ಟೆಸ್ಟ್‌ನಲ್ಲಿ ನಾನು ಐಎನ್‌ಟಿಪಿ. ತರ್ಕ ಮೊದಲು, ಎದುರಿನವರ ಭಾವನೆ ಕಟ್ಟಕಡೆಗೆ. ಹೋದ ತಿಂಗಳು ಕಾಕಾ ತೀರಿಕೊಂಡರು. ಮೂರನೇ ದಿನ ಕಾಕಿ ಅಳುತ್ತಾ ಕೂತಿದ್ದರೆ ನಾನು ಇನ್ಶೂರೆನ್ಸ್ ಕ್ಲೈಮ್ ಹೇಗೆ ಹಾಕೋದು ಅಂತ ವಿವರಿಸುತ್ತಿದ್ದೆ. ಅವ್ವ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ವಿಚಾರ, ಭಾವನೆಯಂಥ ಮನಸ್ಸಿನ ಶಕ್ತಿಗಳಿಗೆ ಇದರಲ್ಲಿ ಫಂಕ್ಷನ್ ಅಂತಾರೆ. ಇಂಥ ದುರ್ಬಲ ಫಂಕ್ಷನ್ ಬೆಳೆಸಿಕೊಂಡವರು ಹೇಗೆ ಮಾಡಿದಿರಿ?

ದಾಲ್ ಮಿಲ್ ಲೆಕ್ಕಿಗ, ಕಲಬುರಗಿ:
ತಮ್ಮಾ, ನಂದೂ ಅದೇ ಟೈಪು. ವಿಚಾರ ಮುಂದಿರುವವನಲ್ಲಿ ಭಾವನೆ ಹಿಂದೆ ಬೀಳುತ್ತದೆ ಅಂತ ಮನಶ್ಶಾಸ್ತ್ರಜ್ಞ ಯುಂಗ್ 1921ರಲ್ಲೇ ಬರೆದಿದ್ದಾರೆ. ಅದನ್ನು ಓದಿ ಓದಿ ಸರಿಮಾಡಲು ಹೋದರೆ ಮತ್ತೆ ವಿಚಾರವೇ ದಪ್ಪಗಾಗುತ್ತದೆ. ಎರಡು ವರ್ಷ ಚಾರ್ಟ್ ಬರೆದು ನಾನು ಮಾಡಿದ್ದೂ ಇಷ್ಟೇ.

ಕಲಿಸಿದ್ದು ಗಂಜಿನ, ಅಂದರೆ ಧಾನ್ಯದ ಪೇಟೆಯ, ನಮ್ಮ ಹಿರಿಯ ಗುಮಾಸ್ತರು, ಮುನೀಮರು. ತೊಗರಿ ತಂದ ರೈತರಿಗೆ ನಾನು ಮೊದಲು ತೋರಿಸುತ್ತಿದ್ದದ್ದು ತೇವಾಂಶದ ಮೀಟರ್. ‘14 ಬಂದದ, ರೇಟ್ ಇಳಿತದ.’ ಮುನೀಮರು ಮೊದಲು ಕೇಳುತ್ತಿದ್ದದ್ದು, ‘ಯಾವೂರ್ರಿ? ಈ ಸಲ ಬೆಳಿ ಹ್ಯಾಂಗದ?’ ಸುಮ್ನೆ ಕಾಪಿ ಹೊಡೆದೆ. ಮೊದಲ ತಿಂಗಳು ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಒಂದು ದಿನ ಜೇವರ್ಗಿ ಕಡೆಯವರೊಬ್ಬರು ನೆಟೆ ರೋಗದಿಂದ ಅರ್ಧ ಹೊಲ ಒಣಗಿದ್ದು ಹೇಳಿದರು. ಬೀಜೋಪಚಾರದ ಭಾಷಣ ನನ್ನ ಬಾಯಿ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಭಾಳ ಕಷ್ಟ ಆತಲ್ರಿ’ ಅಂದೆ, ಅಷ್ಟೇ. ಚಹಾ ಮುಗಿದ ಮೇಲೂ ಅವರು ಮಾತಾಡುತ್ತಲೇ ಇದ್ದರು. ರೇಟ್ ಏನೂ ಏರಲಿಲ್ಲ, ಅದು ನನ್ನ ಕೈಯಲ್ಲಿಲ್ಲ.

ದಿನಕ್ಕೆ ಒಂದು ಸಲ ಮಾಡಿದರೆ ಸಾಕು. ಜಾಸ್ತಿ ಎಳೆದರೆ ನಮ್ಮಂಥವರು ಸುಸ್ತಾಗಿ ಸಿಡುಕುತ್ತೇವೆ. ಮನೆಯವರನ್ನು ಕೇಳಿ ನೋಡು!

ಬೀದರ್‌ನಿಂದ:
ನಂದು ಐಎನ್‌ಎಫ್‌ಜೆ. ಎಲ್ಲಕ್ಕಿಂತ ದುರ್ಬಲ ಫಂಕ್ಷನ್ ಇಂದ್ರಿಯದ್ದು, ಅಂದರೆ ಕಣ್ಣೆದುರಿನದೇ ಕಾಣಿಸೋದಿಲ್ಲ. ಹಾಲು ಉಕ್ಕಿದ್ದು ಸೀದ ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಪಕ್ಕದ ಓಣಿಯಲ್ಲಿ ಬಿದರಿ ಕೆಲಸ ಕಲಿಯಲು ಕೂತೆ. ಸತು, ತಾಮ್ರದ ಎರಕದ ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಬೇಕು. ಮನಸ್ಸು ಮುಂದಿನ ವರ್ಷಕ್ಕೆ ಓಡಿದರೆ ಉಳಿ ಬೆರಳಿಗೇ ಬರುತ್ತದೆ. ಕೊನೆಗೆ ಕಪ್ಪು ಹಿಡಿಸಲು ಕೋಟೆಯ ಮಣ್ಣು. ಅದನ್ನು ಉಸ್ತಾದರು ನಾಲಿಗೆಗೆ ತಾಗಿಸಿ ಪರೀಕ್ಷೆ ಮಾಡುತ್ತಾರೆ. ನನಗೆ ಇನ್ನೂ ಅದು ಬರೀ ಮಣ್ಣೇ.

ಯಾದಗಿರಿಯಿಂದ:
ಒಂದೇ ತಿಂಗಳಲ್ಲಿ ನನಗೆ ಎರಡು ಬೇರೆ ಟೈಪ್ ಬಂದಿದ್ದವು. ಮತ್ತೊಮ್ಮೆ ಬರೆದರೆ ಅಕ್ಷರ ಬದಲಾಗೋದು ಈ ಟೆಸ್ಟಿನ ಹಳೇ ಚಾಳಿ. ಎಷ್ಟೋ ಮನಶ್ಶಾಸ್ತ್ರಜ್ಞರು ಇದನ್ನು ಒಪ್ಪೋದಿಲ್ಲ. ಸಾವಿನ ಮನೆಯಲ್ಲಿ ಸುಮ್ಮನೆ ಕೂರಲು ನಾಲ್ಕು ಅಕ್ಷರ ಯಾಕೆ ಬೇಕು, ಅಲ್ವಾ?

ಕೇಳಿದವರು, ಮತ್ತೆ:
ನಿನ್ನೆ ಕಾಕಿ ಮನೆಗೆ ಹೋಗಿದ್ದೆ. ಕ್ಲೈಮ್ ಫಾರಂ ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ. ‘ರಾತ್ರಿ ನಿದ್ದಿ ಬರ್ತದೇನು ಕಾಕಿ?’ ಅಂತ ಕೇಳಿದೆ. ಅರ್ಧ ತಾಸು ಅವರೇ ಮಾತಾಡಿದರು. ಆಮೇಲೆ ಕಣ್ಣು ಒರೆಸಿಕೊಂಡು, ‘ಆ ಇನ್ಶೂರೆನ್ಸಿಂದು ಏನೋ ಹೇಳ್ತಿದ್ದೆಲ್ಲ, ಈಗ ಹೇಳು’ ಅಂದರು.