ಅಪ್‌ಡೇಟ್: ಹಳೆಯ ರ‍್ಯಾಲಿ ರೋಡ್ ಬೈಕಿಗೆ ಕೊನೆಗೆ ಕೊಟ್ಟ ಬೆಲೆ

ನಾನಿರುವ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಬ್ಬರು ತಮ್ಮ ರ‍್ಯಾಲಿ ರೋಡ್ ಬೈಕಿಗೆ (ಬ್ರಿಟಿಷ್ ಕಂಪನಿಯೊಂದರ, ರಸ್ತೆಯಲ್ಲಿ ವೇಗವಾಗಿ ಓಡುವ ಸೈಕಲ್) 280 ಪೌಂಡ್ ಕೇಳುತ್ತಿದ್ದಾರೆ, ಇದು ನ್ಯಾಯವಾದ ಬೆಲೆಯೇ ಎಂದು ಹತ್ತು ದಿನಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ. ಬೈಕನ್ನು ನಿನ್ನೆ 190 ಪೌಂಡಿಗೆ ಕೊಂಡೆ.

ಜಾಹೀರಾತುಗಳ ಬೆಲೆಗಳನ್ನು ಹೋಲಿಸುವ ಸಲಹೆ ಉಪಯೋಗಕ್ಕೆ ಬರಲಿಲ್ಲ. ಅವು ಕೇಳಿದ ಬೆಲೆಗಳೇ ಹೊರತು ಕೊಟ್ಟ ಬೆಲೆಗಳಲ್ಲ. ಫ್ರೇಮಿನ ಸಂಖ್ಯೆಯಿಂದಲೂ ವರ್ಷ ಖಚಿತವಾಗಲಿಲ್ಲ. ನಿಜವಾಗಿ ನೆರವಾದದ್ದು ಹಿಂಚಕ್ರದ ಬಳಿ ಗೇರ್ ಬದಲಿಸುವ ಭಾಗವಾದ ಡಿರೇಲರ್‌ನ ಹಿಂಬದಿ ನೋಡಿ ಎಂದವರ ಮಾತು: ಸೈಕಲ್ ಭಾಗಗಳನ್ನು ತಯಾರಿಸುವ ಜಪಾನಿನ ಶಿಮಾನೋ ಕಂಪನಿ ಆ ಕಾಲದಲ್ಲಿ ಬಿಡಿಭಾಗಗಳ ಮೇಲೆ ಎರಡು ಅಕ್ಷರಗಳನ್ನು ಒತ್ತುತ್ತಿತ್ತು, ಮೊದಲನೆಯದು ವರ್ಷ (1976ಕ್ಕೆ 'ಎ'), ಎರಡನೆಯದು ತಿಂಗಳು. ಇದರಲ್ಲಿ 'ಐಡಿ' ಎಂದಿತ್ತು, ಅಂದರೆ 1984ರ ಏಪ್ರಿಲ್. ಎಪ್ಪತ್ತರ ದಶಕದ ಬೈಕ್ ಎಂಬ ಮಾರುವವರ ನಂಬಿಕೆ ಅಲ್ಲಿಗೆ ಸಡಿಲವಾಯಿತು, ಅವರೂ ಅದನ್ನು ಸೌಜನ್ಯದಿಂದಲೇ ಒಪ್ಪಿಕೊಂಡರು.

ಬೆಲೆ ಹೆಚ್ಚು ಇಳಿದದ್ದು ಮಾತ್ರ ಸೀಟನ್ನು ಹೊತ್ತ ಕೊಳವೆಯಾದ ಸೀಟ್‌ಪೋಸ್ಟ್ ಅಲುಗಾಡಿಸಿ ನೋಡಿ ಎಂದವರಿಂದ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಗ್ರೀಸ್ ಇಲ್ಲದೆ ಉಳಿದರೆ ತುಕ್ಕಿನಿಂದ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಇದೂ ಹಾಗೆಯೇ ಕಚ್ಚಿತ್ತು. ಚಕ್ರಗಳು ಇಂದು ಸಾಮಾನ್ಯವಾದ 700ಸಿ ಅಳತೆಯವಲ್ಲ, 27 ಇಂಚಿನವು ಎಂಬುದು ನನಗೆ ಅನಿರೀಕ್ಷಿತವಾಗಿತ್ತು. ರಿಮ್‌ನ ವ್ಯಾಸ 622 ಮಿ.ಮೀ. ಬದಲು 630 ಇರುವುದರಿಂದ ಇಂದಿನ ಸಾಮಾನ್ಯ ಟೈರ್ ಕೂರುವುದಿಲ್ಲ, ಆಯ್ಕೆಯೂ ಕಡಿಮೆ. ಇದನ್ನೂ ಚೌಕಾಸಿಯಲ್ಲಿ ಲೆಕ್ಕ ಹಿಡಿದೆ.

ರಾತ್ರಿಯಿಡೀ ಎಣ್ಣೆ ಇಳಿಸಿದ ಮೇಲೆ ಇಂದು ಬೆಳಿಗ್ಗೆ ಪೋಸ್ಟ್ ಕದಲಿತು. ಅದರ ಮೇಲೆ 27.2 (ಮಿ.ಮೀ.) ಎಂದು ಒತ್ತಲಾಗಿದೆ. ರೇನಾಲ್ಡ್ಸ್ 531 ಎಂಬ ಉಕ್ಕಿನ ಬಟೆಡ್ (ತುದಿಗಳಲ್ಲಿ ದಪ್ಪ, ನಡುವೆ ತೆಳು) ಕೊಳವೆಗಳ ಫ್ರೇಮಿಗೆ ಸಾಮಾನ್ಯವಾಗಿ ಹೊಂದುವ ಅಳತೆ ಅದೇ ಆದ್ದರಿಂದ, ಅದೇ ಹೆಸರು ಹೊತ್ತ, ಫ್ರೇಮಿನ ಮೇಲಿನ ಸ್ಟಿಕ್ಕರ್ ಬಗ್ಗೆ ನನಗಿದ್ದ ಅನುಮಾನವೂ ಬಹುಮಟ್ಟಿಗೆ ತೀರಿತು.