ಹಳೆಯ ಪೇಜ್‌ಮೇಕರ್ ಕಡತಗಳಲ್ಲಿ ಉಳಿದುಹೋದ ಮುಳುಗಡೆಯ ಮಾತುಗಳನ್ನು ಹೊರತೆಗೆಯುವುದು ಹೇಗೆ?

ಹಿನ್ನೀರು, ಸಾಗರ

ಎಲ್ಲರಿಗೂ ನಮಸ್ಕಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಏರಿದಾಗ ಮನೆ, ತೋಟ, ಬನಗಳನ್ನು ಬಿಟ್ಟು ಬಂದ ಹಿರಿಯರನ್ನು ನನ್ನ ತಂದೆಯವರು 2002ರಿಂದ ಮೂರು ವರ್ಷಗಳ ಕಾಲ ಊರೂರು ತಿರುಗಿ ಮಾತನಾಡಿಸಿದ್ದರು. ಆ ಬರಹವನ್ನೆಲ್ಲ ಇಲ್ಲಿಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಅಕ್ಷರ ಜೋಡಣೆ ಮಾಡಿಸಿದ್ದರಾದರೂ ಹಣ ಹೊಂದದೆ ಪುಸ್ತಕ ಅಚ್ಚಾಗಲಿಲ್ಲ. ಕೈಬರಹದ ನೋಟ್‌ಬುಕ್‌ಗಳು ಗೆದ್ದಲಿನ ಪಾಲಾದವು, ಅಂಗಡಿ ಮುಚ್ಚಿತು, ತಂದೆಯವರೂ ಈಗ ಇಲ್ಲ. ಮಾತನಾಡಿದ ಹಿರಿಯರಲ್ಲಿಯೂ ಹೆಚ್ಚಿನವರು ತೀರಿಕೊಂಡಿದ್ದಾರೆ.

ನನ್ನ ಬಳಿ ಉಳಿದಿರುವುದು ಮೂರು ಸಿ.ಡಿ.ಗಳು ಮಾತ್ರ. ಒಂದರ ಮೇಲೆ ಬೂಷ್ಟು ಹಿಡಿದಿದೆ. ಉಳಿದ ಎರಡು ತೆರೆದುಕೊಳ್ಳುತ್ತವೆ. ಅವುಗಳಲ್ಲಿ, ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಮಾಡಿದ, ಹೆಸರಿನ ಕೊನೆಗೆ 'ಪಿ65' ಎಂದಿರುವ ಹದಿನಾಲ್ಕು ಕಡತಗಳಿವೆ. ಲಿಬ್ರೆ ಆಫೀಸ್‌ನಲ್ಲಿ ತೆರೆದಾಗ ಪುಟದ ಚೌಕಟ್ಟು ಬಂದಿತೇ ಹೊರತು ಕನ್ನಡ ಬರಲಿಲ್ಲ. ಮೊದಲ ಪುಟದ ನೆತ್ತಿಯ ಮೇಲೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀರಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀರಿರುವ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ ಕಾಣುತ್ತಿವೆ. ಕಡತ ಕೆಟ್ಟುಹೋಗಿದೆಯೇ? ಮಾರ್ಗ ತಿಳಿದವರು ದಯವಿಟ್ಟು ತಿಳಿಸಬೇಕು.

ಅಕ್ಷರ ಜೋಡಣೆ, ಶಿವಮೊಗ್ಗ

ಕಡತ ಕೆಟ್ಟಿಲ್ಲ ತಂಗೀ. ನೀವು ಬರೆದಿರುವ ಆ ಏಳು ಗುರುತುಗಳು ಸೇರಿದರೆ 'ಕನ್ನಡ' ಎಂಬ ಪದವಾಗುತ್ತದೆ. ದೊಡ್ಡ ಪಿ ಇರುವಲ್ಲಿ ತಲೆಕಟ್ಟಿಲ್ಲದ ಕಕಾರ, ಗೀರಿರುವ ಎ ಇರುವಲ್ಲಿ ತಲೆಕಟ್ಟು, ಪೌಂಡಿನ ಜಾಗದಲ್ಲಿ ನಕಾರ, ಜರ್ಮನ್ ಅಕ್ಷರದ ಜಾಗದಲ್ಲಿ ನಕಾರದ ಒತ್ತು, ಕ್ಯೂ ಇರುವಲ್ಲಿ ಡಕಾರ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಸಂಕೇತಗಳ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಭಾಷೆ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ವಂತ ಸ್ಥಾನವಿದ್ದರೂ ಪೇಜ್‌ಮೇಕರ್‌ಗೆ ಅದು ತಿಳಿಯುತ್ತಿರಲಿಲ್ಲವಾದ್ದರಿಂದ, ನಾವು ಅಂಗಡಿಗಳಲ್ಲಿ ಜೋಡಿಸಿದ್ದೆಲ್ಲವೂ ಈ ಬಗೆಯದೇ. ಆದ್ದರಿಂದ ಅಕ್ಷರಶೈಲಿಯ ಹೆಸರೇ ನಿಮ್ಮ ಕಡತದ ಬೀಗದ ಕೈ. ನಿಮ್ಮದು ನುಡಿ ಅಥವಾ ಬರಹದ ಶೈಲಿ ಇರಬೇಕು. ಶ್ರೀಲಿಪಿ, ಆಕೃತಿ ಎಂಬ ತಂತ್ರಾಂಶಗಳ ಶೈಲಿಗಳ ವಿನ್ಯಾಸ ಬೇರೆ.

ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದರ ಹಳೆಯ ಸಿ.ಡಿ. ಯಾರಲ್ಲಾದರೂ ಸಿಕ್ಕರೆ, ವರ್ಚುವಲ್‌ಬಾಕ್ಸ್ ಬಳಸಿ ನಿಮ್ಮ ಕಂಪ್ಯೂಟರಿನ ಒಳಗೇ ವಿಂಡೋಸ್ ಎಕ್ಸ್‌ಪಿಯ ಒಂದು ಹಳೆಯ ಯಂತ್ರವನ್ನು ಕಟ್ಟಿಕೊಂಡು ಅದರಲ್ಲಿ ಹಾಕಿರಿ. ಎಕ್ಸ್‌ಪಿಗೆ ಸುರಕ್ಷತೆಯ ಬೆಂಬಲ 2014ರ ಏಪ್ರಿಲ್‌ನಲ್ಲಿಯೇ ನಿಂತಿರುವುದರಿಂದ ಆ ಯಂತ್ರಕ್ಕೆ ಅಂತರ್ಜಾಲದ ಸಂಪರ್ಕ ಕೊಡಬೇಡಿ. ಇನ್ನು, ಮನಸ್ಸಿಟ್ಟು ಗಮನಿಸಬೇಕಾದ ಮಾತೊಂದಿದೆ. ಅಕ್ಷರಶೈಲಿ ಇಲ್ಲದೆ ಕಡತ ತೆರೆದರೆ, ಬದಲಿ ಶೈಲಿಯನ್ನು ತಾತ್ಕಾಲಿಕವಾಗಿ ಹಾಕಲೇ, ಶಾಶ್ವತವಾಗಿ ಹಾಕಲೇ ಎಂದು ಪೇಜ್‌ಮೇಕರ್ ಕೇಳುತ್ತದೆ. ಎಂದಿಗೂ ಶಾಶ್ವತವೆಂದು ಒತ್ತಬೇಡಿ. ಒತ್ತಿ ಉಳಿಸಿದಿರಾದರೆ ಮೂಲ ಶೈಲಿಯ ಹೆಸರು ಕಡತದಿಂದಲೇ ಅಳಿಸಿಹೋಗುತ್ತದೆ. ಹಾಗೆ ಕೇಳಲು ಪರದೆಯ ಮೇಲೆ ಬರುವ ಪೆಟ್ಟಿಗೆಯಲ್ಲಿ ಕಾಣುವ ಹೆಸರನ್ನು ಬರೆದಿಟ್ಟುಕೊಂಡು, ಆ ಶೈಲಿಯನ್ನು ಹುಡುಕಿ ಹಾಕಿ, ಆಮೇಲೆ ತೆರೆಯಿರಿ.

ತೆರೆದ ಮೇಲೆ ಒಂದೊಂದು ಬರಹದೊಳಗೂ ಕರ್ಸರ್ ಇಟ್ಟು, ಅಕ್ಷರಶೈಲಿಯ ಗುರುತನ್ನೂ ಉಳಿಸಿಕೊಳ್ಳುವ ಆರ್‌ಟಿಎಫ್ ರೂಪದಲ್ಲಿ ಹೊರಗೆ ಕಳುಹಿಸಿ. ಬರಿಯ ಪಠ್ಯವಾಗಿ ತೆಗೆದರೆ ಯಾವುದು ಕನ್ನಡದ ಶೈಲಿ, ಯಾವುದು ಇಂಗ್ಲಿಷಿನದು ಎಂಬ ಗುರುತೇ ಉಳಿಯುವುದಿಲ್ಲ. ಹಾಗಾದಾಗ ನಿಮ್ಮ ತಂದೆಯವರು ಇಂಗ್ಲಿಷಿನಲ್ಲಿಯೇ ಬಿಟ್ಟಿರಬಹುದಾದ ಸರ್ಕಾರಿ ಪತ್ರದ ಸಾಲುಗಳನ್ನೂ, ಮುಂದೆ ಹಳೆಯ ಸಂಕೇತಗಳನ್ನು ಯುನಿಕೋಡ್‌ಗೆ ಬದಲಿಸಲು ಬಳಸುವ ಪರಿವರ್ತಕ ತಂತ್ರಾಂಶವು ಅರ್ಥವಿಲ್ಲದ ಕನ್ನಡವಾಗಿಸಿಬಿಡುತ್ತದೆ.

ಪುಸ್ತಕದ ಕಪಾಟು, ತೀರ್ಥಹಳ್ಳಿ

ಹಿರಿಯರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಮೊದಲು ಸಿ.ಡಿ.ಗಳ ವಿಷಯ. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದು ಸಹಜ. ಬಟ್ಟಿ ಇಳಿಸಿದ ನೀರಿನಲ್ಲಿ ಮೆತ್ತನೆಯ ಬಟ್ಟೆಯನ್ನು ಅದ್ದಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ದುಂಡಗೆ ಉಜ್ಜಿದರೆ ಗೀರುಗಳು ಮಾಹಿತಿಯ ಸಾಲಿನ ಉದ್ದಕ್ಕೂ ಬೀಳುತ್ತವೆ. ಅನಂತರ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಸಿ.ಡಿ.ಯ ಪ್ರತಿಬಿಂಬವನ್ನು ತೆಗೆಯಿರಿ. ಅದು ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಮತ್ತೆ ಹಿಂದಿರುಗಿ ಪ್ರಯತ್ನಿಸುತ್ತದೆ. ಮುಂದಿನ ಕೆಲಸವೆಲ್ಲ ಆ ಪ್ರತಿಯ ಮೇಲೆ ನಡೆಯಲಿ.

ಎರಡನೆಯದು ಅರ್ಕಾವತ್ತು. ಹಳೆಯ ಶೈಲಿಗಳಲ್ಲಿ ಅದನ್ನು ಅಕ್ಷರದ ನಂತರ ಇಡುತ್ತಿದ್ದರು. ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಇದನ್ನು ಅರಿಯದ ಪರಿವರ್ತಕಗಳು ಕರ್ನಾಟಕವನ್ನು 'ಕನಾರ್ಟಕ' ಎಂದೂ, ನಮ್ಮೂರನ್ನು 'ತೀಥರ್ಹಳ್ಳಿ' ಎಂದೂ ಬರೆಯುತ್ತವೆ. ಈ ಎರಡು ಪದಗಳನ್ನು ಹಾಕಿ ನೋಡಿ, ಸರಿ ಬಂದರೆ ಮಾತ್ರ ಆ ಪರಿವರ್ತಕವನ್ನು ನಂಬಿರಿ. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಕುಳಿತಿದೆಯೇ ಎಂದೂ ಪರೀಕ್ಷಿಸಿ. ಕಣ್ಣಿಗೆ ಎರಡೂ ಒಂದೇ. ಆದರೆ ಸೊನ್ನೆ ಇದ್ದರೆ ಮುಂದೆ ಯಾರಾದರೂ 'ಲಿಂಗನಮಕ್ಕಿ' ಎಂದು ಹುಡುಕಿದಾಗ ಆ ಪುಟ ಸಿಗುವುದೇ ಇಲ್ಲ.

ಕರಡು ತಿದ್ದುವ ಕೆಲಸವನ್ನು ದೀವರ ಮಾತು, ಹವ್ಯಕರ ಮಾತು ಎರಡನ್ನೂ ಬಲ್ಲವರಿಗೆ ಒಪ್ಪಿಸಿ. ತಿಳಿಯದವರು ಪರಿವರ್ತಕದ ತಪ್ಪೆಂದು ಭಾವಿಸಿ ಆ ಹಿರಿಯರು ನಿಜವಾಗಿ ಆಡಿದ ಪದಗಳನ್ನು ತಿದ್ದಿಬಿಟ್ಟಾರೆಂಬ ಭಯ ನನಗಿದೆ. ಅನುಮಾನ ಬಂದಾಗ ನೋಡಿಕೊಳ್ಳಲು ಪೇಜ್‌ಮೇಕರ್‌ನಿಂದಲೇ ಅಕ್ಷರಶೈಲಿ ಅಡಕವಾಗಿರುವ ಪಿ.ಡಿ.ಎಫ್. ಒಂದನ್ನು ತೆಗೆದಿಟ್ಟುಕೊಳ್ಳಿ. ಮೂಲ ಪಿ65 ಕಡತಗಳನ್ನೂ, ಅಕ್ಷರಶೈಲಿಯ ಕಡತವನ್ನೂ ಅದರ ಜೊತೆಯಲ್ಲಿಯೇ ಇಟ್ಟು, ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿ ಇರಿಸಿ.

ಹಿನ್ನೀರು, ಸಾಗರ

ಇಬ್ಬರಿಗೂ ನಾನು ಋಣಿ. ಪೆಟ್ಟಿಗೆಯಲ್ಲಿ ಕಂಡದ್ದು ನುಡಿ ಶೈಲಿಯ ಹೆಸರೇ. ಅದನ್ನು ಹಾಕಿದ ಕೂಡಲೇ ಹದಿನಾಲ್ಕು ಕಡತಗಳೂ ಕನ್ನಡದಲ್ಲಿ ತೆರೆದುಕೊಂಡವು. ಬೂಷ್ಟು ಹಿಡಿದಿದ್ದ ಸಿ.ಡಿ.ಯಿಂದ ಇನ್ನೂ ಐದು ಕಡತಗಳು ದೊರೆತಿವೆ. ಎರಡು ಮಾತ್ರ ಅರ್ಧಕ್ಕೆ ನಿಲ್ಲುತ್ತವೆ. ಮೊದಲ ಅಧ್ಯಾಯದಲ್ಲಿ ಒಬ್ಬ ಅಜ್ಜಿ, ನೀರು ಅಂಗಳಕ್ಕೆ ಬರುವ ಮುನ್ನ ಕೊಟ್ಟಿಗೆಯ ಬಾಗಿಲನ್ನು ಕಿತ್ತು ಗಾಡಿಯ ಮೇಲೆ ಹೇರಿಕೊಂಡು ಬಂದದ್ದನ್ನು ಹೇಳಿದ್ದಾರೆ. ಆ ಬಾಗಿಲು ಈಗಲೂ ನಮ್ಮ ಪಕ್ಕದ ಕೇರಿಯ ಮನೆಯೊಂದರಲ್ಲಿದೆ; ಅದು ಎಲ್ಲಿಂದ ಬಂದದ್ದೆಂದು ನನಗೆ ಇವತ್ತಿನವರೆಗೆ ತಿಳಿದಿರಲಿಲ್ಲ. ಅಜ್ಜಿಯ ಮೊಮ್ಮಗಳೇ ಕರಡು ನೋಡಿಕೊಡುವುದಾಗಿ ಒಪ್ಪಿದ್ದಾರೆ.