ಸ್ಟೇಪ್ಲರ್ ಯಾರ ಕೈಯಲ್ಲಿ ಅಂತ ಕೇಳು ಮಂಜು

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಲು ಕೂತರೆ ನನಗೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೈಯಬೇಡಿ.

ರಮೇಶ, ಬೆಳಿಗ್ಗೆ ನೀನು ಹಾಕಿದ ಮೆಸೇಜ್ ಓದಿದೆ. ಮಂಜುಗೆ ತೂಕ ಇಳಿಸುವ ಆಪರೇಷನ್ ಮೆಡಿಕಲ್ ಕಾಲೇಜ್ ಆಸ್ಪತ್ರೆಯಲ್ಲಿ ಬೇಡ, ಪಿಜಿ ಹುಡುಗರು, ಅಂದರೆ ಇನ್ನೂ ಸರ್ಜರಿ ಕಲಿಯುತ್ತಿರುವ ಡಾಕ್ಟರ್‌ಗಳು, ಅವಳ ಹೊಟ್ಟೆ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ, ಪ್ರೈವೇಟ್‌ಗೆ ಹೋಗೋಣ ಅಂದಿದ್ದೀಯ. ನಿನ್ನ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. 28 ವರ್ಷ ಓಟಿಯಲ್ಲಿ, ಆಪರೇಷನ್ ಥಿಯೇಟರ್‌ನಲ್ಲಿ, ನಿಂತವಳು ನಾನು, ಆ ಹುಡುಗರ ಕೈ ನಡುಗುವುದನ್ನೂ ನೋಡಿದ್ದೇನೆ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ ಕಣೋ.

ಮಂಜುಗೆ ಮಾಡುವುದು ಸ್ಲೀವ್. ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ತೂತು ಮಾಡುತ್ತಾರೆ. ಒಂದರಲ್ಲಿ ಕ್ಯಾಮೆರಾ. ಇನ್ನೊಂದರಲ್ಲಿ, ಜಠರದ ಮೇಲೆ ಬರುವ ಲಿವರ್ ಎತ್ತಿ ಹಿಡಿಯುವ ಸಲಕರಣೆ. ಬಾಯಿಂದ ಒಂದು ಟ್ಯೂಬ್ ಇಳಿಸಿ, ಅದರ ಪಕ್ಕದಲ್ಲೇ, ಕತ್ತರಿಸುತ್ತಲೇ ಪಿನ್ ಹೊಡೆದು ಮುಚ್ಚುವ ಸ್ಟೇಪ್ಲರ್ ಓಡಿಸುತ್ತಾ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಇಷ್ಟೂ ಕೆಲಸ ಒಬ್ಬರಿಂದ ಆಗುತ್ತದಾ? ಕ್ಯಾಮೆರಾ ಹಿಡಿಯಲು ಒಬ್ಬರು ಬೇಕೇ ಬೇಕು. ಪ್ರೈವೇಟ್‌ನಲ್ಲಿ ಆ ಕ್ಯಾಮೆರಾ ಏನು ಗಾಳಿಯಲ್ಲಿ ನಿಲ್ಲುತ್ತದಾ? ಅಲ್ಲೂ ಯಾರೋ ಹಿಡಿದಿರುತ್ತಾರೆ, ಎಷ್ಟೋ ಕಡೆ ಅವರೂ ಕಲಿಯುತ್ತಿರುವ ಡಾಕ್ಟರೇ. ಯಾರು ಅಂತ ನಾವು ಕೇಳುವುದಿಲ್ಲ, ಅಷ್ಟೆ.

ಕ್ಯಾಮೆರಾ ಅಲ್ಲಾಡಿದರೆ ಸರ್ಜನ್ ಗದರುತ್ತಾರೆ, ಹುಡುಗ ಸರಿ ಮಾಡಿಕೊಳ್ಳುತ್ತಾನೆ. ಆದರೆ ಸ್ಟೇಪ್ಲರ್ ಒಂದು ಸಲ ಒತ್ತಿದರೆ ಮುಗಿಯಿತು, ಕತ್ತರಿಸಿದ ಜಠರ ವಾಪಸ್ ಬರುವುದಿಲ್ಲ. ಅದಕ್ಕೇ ಮಂಜು, ನೀನು ಕೇಳಬೇಕಾದ್ದು ಇದು: ಸ್ಟೇಪ್ಲರ್ ಯಾರ ಕೈಯಲ್ಲಿರುತ್ತದೆ? ಪಿಜಿ ಕೈಗೆ ಕೊಟ್ಟರೆ ಸೀನಿಯರ್ ಪಕ್ಕದಲ್ಲೇ ಗ್ಲೌಸ್ ಹಾಕಿಕೊಂಡು ನಿಂತಿರುತ್ತಾರಾ, ಇಲ್ಲಾ ಕಾಫಿ ರೂಮಿನಲ್ಲಿರುತ್ತಾರಾ? ಕೇಳಲು ಸಂಕೋಚ ಪಡಬೇಡ. ಒಳ್ಳೆ ಸರ್ಜನ್‌ಗೆ ಇದರಿಂದ ಸಿಟ್ಟು ಬರುವುದಿಲ್ಲ, ಸಿಟ್ಟು ಬಂದರೆ ಅದೂ ಒಂದು ಉತ್ತರವೇ.

ರಿಟೈರ್ ಆಗುವ ಮುಂಚೆ ನಮ್ಮ ಸರ್ಜನ್ ಒಬ್ಬರು ಒಂದು ಕ್ಲಾಸಿನಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಕಥೆ ಹೇಳಿದ್ದರು. 2013ರಲ್ಲಿ ಬಂದ ಅಧ್ಯಯನ. 20 ಜನ ಸರ್ಜನ್‌ಗಳು ತಾವು ಮಾಡಿದ ಗ್ಯಾಸ್ಟ್ರಿಕ್ ಬೈಪಾಸ್ ಅನ್ನುವ, ತೂಕ ಇಳಿಸುವ ಇನ್ನೊಂದು ಬಗೆಯ ಆಪರೇಷನ್‌ನ ವಿಡಿಯೋ ಕಳಿಸಿದರು. ಬೇರೆ ಸರ್ಜನ್‌ಗಳು ಯಾರದ್ದು ಅಂತ ಗೊತ್ತಿಲ್ಲದೆ ಮಾರ್ಕ್ಸ್ ಹಾಕಿದರು. ಕಡಿಮೆ ಮಾರ್ಕ್ಸ್ ಬಂದ ಗುಂಪಿನವರ ರೋಗಿಗಳಲ್ಲಿ ನೂರಕ್ಕೆ 14.5 ಜನರಿಗೆ ತೊಂದರೆಯಾಗಿತ್ತು. ಜಾಸ್ತಿ ಬಂದವರಲ್ಲಿ 5.2. ಇವರು ಯಾರೂ ಪಿಜಿ ಹುಡುಗರಲ್ಲ ರಮೇಶ! ಎಲ್ಲರೂ ಬೋರ್ಡ್ ಹಾಕಿಕೊಂಡ ಸರ್ಜನ್‌ಗಳೇ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಮರುವರ್ಷ ಅದೇ ಮಿಶಿಗನ್‌ನಿಂದ ಬಂದ ಇನ್ನೊಂದು ಅಧ್ಯಯನದಲ್ಲಿ, ಟ್ರೇನಿ ಡಾಕ್ಟರ್‌ಗಳು ಕೈ ಹಾಕಿದ ಬೈಪಾಸ್‌ಗಳಲ್ಲಿ ಗಾಯಕ್ಕೆ ಸೋಂಕಾಗುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ ಕಂಡಿತ್ತು. ಆಪರೇಷನ್‌ಗೂ ಜಾಸ್ತಿ ಹೊತ್ತು ಹಿಡಿದಿತ್ತು. ಮೈ ದಪ್ಪ ಇದ್ದವರು ಟೇಬಲ್ ಮೇಲೆ ಹೆಚ್ಚು ಹೊತ್ತು ಅಲ್ಲಾಡದೆ ಮಲಗಿದರೆ ಕಾಲಿನ ರಕ್ತಕ್ಕೆ ಅದು ಒಳ್ಳೆಯದಲ್ಲ. ಹಾಗಾಗಿ ಮಂಜು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್, ಕಾಲಿಗೆ ಹಾಕುವ ಬಿಗಿ ಸಾಕ್ಸ್, ಇದರ ಬಗ್ಗೆ ವಿಚಾರಿಸು. ಅವತ್ತು ಸಂಜೆಯೇ ಎದ್ದು ಓಡಾಡು ಅಂದರೆ ನೋವು ಅಂತ ಮುಖ ಮಾಡಬೇಡ.

ಈಗ ನನಗೆ ನಿಜವಾಗಿ ಭಯ ಇರುವ ಜಾಗ ಹೇಳುತ್ತೇನೆ. ಅದು ಓಟಿ ಅಲ್ಲ, ವಾರ್ಡು. ರಾತ್ರಿ ಎರಡು ಗಂಟೆ.

ಆಸ್ಪತ್ರೆ ಹೆಸರು ಬೇಡ. ಒಬ್ಬರಿಗೆ ಇದೇ ಸ್ಲೀವ್ ಆಗಿತ್ತು, ಆಪರೇಷನ್ ಚೆನ್ನಾಗೇ ಆಯಿತು. ಎರಡೂವರೆಗೆ ಅವರ ಪಲ್ಸ್ 126, ಬಹಳ ಜಾಸ್ತಿ. ಹೊಟ್ಟೆ ಮುಟ್ಟಿದರೆ ಮೆತ್ತಗೇ ಇದೆ, ಜ್ವರವಿಲ್ಲ. ದಪ್ಪ ಇರುವವರ ಹೊಟ್ಟೆ ಒಳಗಿನ ಸುದ್ದಿಯನ್ನು ಬೇಗ ಹೊರಗೆ ಬಿಡುವುದಿಲ್ಲ, ಪಲ್ಸೇ ಮೊದಲು ಹೇಳುವುದು. ಡ್ಯೂಟಿಯಲ್ಲಿದ್ದವಳು ಎರಡನೇ ವರ್ಷದ ಪಿಜಿ ಹುಡುಗಿ. ಸೀನಿಯರ್‌ಗೆ ಫೋನ್ ಮಾಡಿದಳು. "ನೋವಿಗೆ ಇಂಜೆಕ್ಷನ್ ಕೊಡು, ಬೆಳಿಗ್ಗೆ ನೋಡೋಣ" ಅಂದು ಇಟ್ಟುಬಿಟ್ಟರು. ಕೊಟ್ಟಳು. ಅರ್ಧ ಗಂಟೆಯಾದರೂ ಪಲ್ಸ್ ಇಳಿಯಲಿಲ್ಲ. ಮತ್ತೆ ಮಾಡಿದಳು, ಬೈಸಿಕೊಂಡಳು. ಮೂರನೇ ಸಲ ಅವರನ್ನು ಬಿಟ್ಟು ನೇರವಾಗಿ ಯೂನಿಟ್ ಚೀಫ್‌ಗೇ ಮಾಡಿದಳು. ನಾಲ್ಕು ಗಂಟೆಗೆ ನಮ್ಮನ್ನು ಎಬ್ಬಿಸಿದರು. ಸ್ಟೇಪಲ್ ಹಾಕಿದ ಸಾಲಿನಲ್ಲಿ ರಕ್ತ ಸೋರುತ್ತಿತ್ತು. ಮತ್ತೆ ಒಳಗೆ ಹೋಗಿ ನಿಲ್ಲಿಸಿದರು. ಆರನೇ ದಿನ ಆ ಮನುಷ್ಯ ನಡೆದುಕೊಂಡೇ ಮನೆಗೆ ಹೋದರು. ಆ ಹುಡುಗಿಗೆ ಯಾರೂ ಥ್ಯಾಂಕ್ಸ್ ಹೇಳಿದ ನೆನಪಿಲ್ಲ.

ಅವಳು ಎರಡನೇ ಬೈಗುಳಕ್ಕೆ ಹೆದರಿ ಸುಮ್ನೆ ಕೂತಿದ್ದರೆ? ಹಾಗೆ ಕೂತವರನ್ನೂ ನೋಡಿದ್ದೇನೆ. ಆದ್ದರಿಂದ ರಮೇಶ, ನೀನು ಅಲ್ಲೇ ಇರುತ್ತೀಯಲ್ಲ, ರಾತ್ರಿ ಯಾರು ನೋಡುತ್ತಾರೆ, ಪಲ್ಸ್ ಎಷ್ಟಾದರೆ ಸೀನಿಯರ್‌ನ ಕರೆಯುತ್ತಾರೆ, ಅವರು ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತಾರೆ ಅಂತ ಮುಂಚೆಯೇ ಕೇಳಿಟ್ಟುಕೊ. ಪ್ರೈವೇಟ್‌ಗೆ ಹೋದರೂ ಇದನ್ನೇ ಕೇಳು. ಅಲ್ಲಿ ರಾತ್ರಿ ಇರುವ ಡ್ಯೂಟಿ ಡಾಕ್ಟರ್‌ಗೆ ಸರ್ಜರಿಯ ಗಂಧವೇ ಇಲ್ಲದಿರಬಹುದು.

ಕನ್ಸೆಂಟ್ ಫಾರ್ಮ್‌ಗೆ ಓಟಿ ಬಾಗಿಲಲ್ಲಿ ಸಹಿ ಹಾಕಬೇಡ ಮಂಜು, ಹಿಂದಿನ ದಿನವೇ ಓದು. ಏನು ಮಾಡುತ್ತಾರೆ, ಅಪಾಯವೇನು, ಬೇರೆ ದಾರಿ ಏನಿದೆ ಅಂತ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಅಂತ 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಅತ್ತಿಗೆ, ಇದು ನಿಮಗೆ. ಅವರು ಎರಡು ವಾರದ ಡಯಟ್ ಕೊಟ್ಟಿರುವುದು ಲಿವರ್ ಕುಗ್ಗಲಿ ಅಂತ. ಆಮೇಲೆ ತಿನ್ನಲಾಗುವುದಿಲ್ಲ ಪಾಪ ಅಂತ ಹೋಳಿಗೆ ತಿನ್ನಿಸುತ್ತಿದ್ದೀರಂತೆ, ಮಂಜುನೇ ಹೇಳಿದಳು. ಆ ಲಿವರ್ ಎತ್ತಿ ಹಿಡಿದು ನಿಲ್ಲಬೇಕಾದವನು ಪಿಜಿ ಹುಡುಗ, ಅವನ ಕೈ ಸೋಲುತ್ತದೆ. ಹೋಳಿಗೆ ಇಲ್ಲಿಗೆ ಕಳಿಸಿ, ನಾನು ತಿನ್ನುತ್ತೇನೆ.